ಕೆಂಪು ಮೂಗು ಬೇಡ ಎಂದವರ ತಪ್ಪೇನು?

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಬ್ರಿಟನ್ನಿನ ಯಾವುದೇ ಶಾಲೆಯ ಗೇಟಿನ ಬಳಿ ನಿಂತರೆ ಜಾತ್ರೆಗೆ ಬಂದಂತೆ ಅನಿಸುತ್ತದೆ. ಸಮವಸ್ತ್ರಕ್ಕೆ ಅಂದು ರಜೆ. ಬಣ್ಣಬಣ್ಣದ ಬಟ್ಟೆ ತೊಟ್ಟ ಮಕ್ಕಳು ಮೂಗಿಗೆ ಕೆಂಪು ಉಂಡೆ ಸಿಕ್ಕಿಸಿಕೊಂಡು, ಕೈಯಲ್ಲೊಂದು ಪೌಂಡ್ ನಾಣ್ಯ ಹಿಡಿದು ಬರುತ್ತಾರೆ. ಯಾವುದೋ ಶಾಲೆಯಲ್ಲಿ ಮೇಷ್ಟ್ರ ತಲೆಗೆ ಕಸ್ಟರ್ಡ್ ಸುರಿಯುತ್ತಾರೆ, ಇನ್ನಾವುದೋ ಶಾಲೆಯಲ್ಲಿ ಕೇಕು ಮಾರುತ್ತಾರೆ. ಸಂಜೆಯಾದರೆ ಬಿಬಿಸಿಯಲ್ಲಿ ಹಾಸ್ಯನಟರ ದಂಡು. ನಗುವಿನ ನಡುನಡುವೆ ಬಡತನದ ಚಿತ್ರಗಳು, ಪರದೆಯ ಮೇಲೆ ಗಳಿಗೆಗೊಮ್ಮೆ ಏರುವ ಮೊತ್ತ. ಇದು ಕಾಮಿಕ್ ರಿಲೀಫ್ ಸಂಸ್ಥೆಯ ರೆಡ್ ನೋಸ್ ಡೇ. ನವೆಂಬರ್ ಬಂತೆಂದರೆ ಇಂಥದೇ ಇನ್ನೊಂದು ಶುಕ್ರವಾರ: ಒಂದು ಕಣ್ಣಿಗೆ ಚುಕ್ಕಿಚುಕ್ಕಿ ಬ್ಯಾಂಡೇಜು ಕಟ್ಟಿಕೊಂಡ ಹಳದಿ ಕರಡಿ ಪಡ್ಸಿಯ ಚಿಲ್ಡ್ರನ್ ಇನ್ ನೀಡ್.

ಇಂಥ ಸಂಭ್ರಮಕ್ಕೆ ‘ನಮ್ಮ ಶಾಲೆ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಏನಾಗುತ್ತದೆ? 2007ರ ಕೊನೆಯಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಧರ್ಮಪ್ರಾಂತದ ಬಿಷಪ್ ಪ್ಯಾಟ್ರಿಕ್ ಓಡೊನಹ್ಯೂ ಹಾಗೆ ಹೇಳಿ ನೋಡಿದರು. ‘ಫಿಟ್ ಫಾರ್ ಮಿಷನ್? ಸ್ಕೂಲ್ಸ್’ ಎಂಬ ಅವರ ದಾಖಲೆ ಕಥೋಲಿಕ ಶಾಲೆಗಳು ಹೇಗಿರಬೇಕೆಂದು ವಿವರಿಸುತ್ತ, ಗರ್ಭಪಾತದಂಥ ವಿಷಯಗಳಲ್ಲಿ ಚರ್ಚಿನ ಬೋಧನೆಗೆ ವಿರುದ್ಧವಾದ ನೀತಿಯನ್ನು ಬೆಂಬಲಿಸುವ ಸಂಸ್ಥೆಗಳಿಗೆ ಶಾಲೆಗಳಿಂದ ನೆರವು ಹೋಗಕೂಡದು ಎಂದಿತು. ಅಷ್ಟಕ್ಕೇ ನಿಲ್ಲದೆ ಎರಡು ಹೆಸರುಗಳನ್ನೂ ಹೇಳಿತು: ರೆಡ್ ನೋಸ್ ಡೇ ಮತ್ತು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್.

ಗದ್ದಲವೆದ್ದಿತು. ಸಂಸತ್ತಿನ ಶಿಕ್ಷಣ ಸಮಿತಿಯ ಅಧ್ಯಕ್ಷ, ಲೇಬರ್ ಪಕ್ಷದ ಬ್ಯಾರಿ ಶೀರ್ಮನ್ ಕಳವಳ ವ್ಯಕ್ತಪಡಿಸಿದರು. 2008ರಲ್ಲಿ ಬಿಷಪ್ ಆ ಸಮಿತಿಯ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಶಾಲೆಗಳಲ್ಲಿ ಶಿಲುಬೆ, ಲೈಂಗಿಕ ಶಿಕ್ಷಣ ಎಂದೆಲ್ಲ ಆ ದಾಖಲೆಯಲ್ಲಿ ವಾದಕ್ಕೆ ಎಳೆಯಬಹುದಾದ ಸಂಗತಿಗಳು ಬೇಕಾದಷ್ಟಿದ್ದವು. ಆದರೆ ಜನರ ಬಾಯಲ್ಲಿ ಉಳಿದದ್ದು ಮೂಗಿನ ಮಾತು: ಮಕ್ಕಳು ಹಸಿದವರಿಗೆಂದು ಒಂದು ಪೌಂಡ್ ಕೊಟ್ಟರೆ ಅದಕ್ಕೂ ಅಡ್ಡಗಾಲು ಹಾಕುವ ಇವರೆಂಥ ಧರ್ಮಗುರುಗಳು?

ಅಂದಿನಿಂದ ಇಂದಿನವರೆಗೆ ಈ ಅಭಿಪ್ರಾಯವೇ ಚಲಾವಣೆಯಲ್ಲಿದೆ. ದಾನ ಎಂದರೆ ದಾನ, ಅದರಲ್ಲಿ ತಕರಾರೇಕೆ? ಇಡೀ ದೇಶ ಒಂದಾಗಿ ನಗುತ್ತಿರುವಾಗ ಒಂದು ಶಾಲೆ ಮೂತಿ ತಿರುವಿದರೆ ಅದು ಸಂಕುಚಿತತನ. ಕಥೋಲಿಕ ಪೋಷಕರಲ್ಲೂ ಎಷ್ಟೋ ಮಂದಿ ಹೀಗೇ ಯೋಚಿಸುತ್ತಾರೆ. ಕಥೋಲಿಕ ಶಾಲೆಗಳಲ್ಲೇ ಬಹಳಷ್ಟು ಪ್ರತಿವರ್ಷ ತಪ್ಪದೆ ಮೂಗು ತೊಡುತ್ತವೆ. ನೋಡಲು ಉದಾರವಾಗಿ ಕಾಣುವ ಈ ಅಭಿಪ್ರಾಯ ತಪ್ಪು. ದಾನವನ್ನೂ ಶಾಲೆಯನ್ನೂ ಅದು ಒಟ್ಟಿಗೇ ಅಗ್ಗ ಮಾಡುತ್ತದೆ.

ಕಾಮಿಕ್ ರಿಲೀಫ್‌ಗೆ ಸಲ್ಲಬೇಕಾದ ಗೌರವವನ್ನು ಮೊದಲೇ ಸಲ್ಲಿಸಿಬಿಡಬೇಕು. 1985ರಲ್ಲಿ, ಇಥಿಯೋಪಿಯದ ಬರಗಾಲ ಜಗತ್ತಿನ ಕಣ್ಣ ಮುಂದಿದ್ದಾಗ, ಚಿತ್ರಕಥೆಗಾರ ರಿಚರ್ಡ್ ಕರ್ಟಿಸ್ ಮತ್ತು ಹಾಸ್ಯನಟ ಲೆನ್ನಿ ಹೆನ್ರಿ ಇದನ್ನು ಕಟ್ಟಿದರು. ಆ ವರ್ಷದ ಕ್ರಿಸ್ಮಸ್ ದಿನ ಸುಡಾನಿನ ನಿರಾಶ್ರಿತರ ಶಿಬಿರವೊಂದರಿಂದ ಬಿಬಿಸಿಯ ಮೂಲಕ ಇದು ಜನರೆದುರು ಬಂತು. 1988ರ ಫೆಬ್ರುವರಿ 5ರಂದು ನಡೆದ ಮೊದಲ ರೆಡ್ ನೋಸ್ ಡೇ ಒಂದೂವರೆ ಕೋಟಿ ಪೌಂಡ್ ಕೂಡಿಸಿತು. ಮೊದಲ ಮೂವತ್ತು ವರ್ಷಗಳಲ್ಲಿ ಒಟ್ಟು ಮೊತ್ತ ನೂರು ಕೋಟಿ ಪೌಂಡ್ ದಾಟಿತು. ಚಿಲ್ಡ್ರನ್ ಇನ್ ನೀಡ್‌ನ ಬೇರು ಇನ್ನೂ ಆಳದಲ್ಲಿದೆ: 1927ರ ಕ್ರಿಸ್ಮಸ್ ದಿನ ಬಿಬಿಸಿ ರೇಡಿಯೊದಲ್ಲಿ ಮಾಡಿದ ಮನವಿಗೆ ಬಂದದ್ದು 1,143 ಪೌಂಡ್, 1980ರಲ್ಲಿ ಅದು ಟೆರ್ರಿ ವೋಗನ್ ಮೊದಲಾದವರು ನಡೆಸಿಕೊಟ್ಟ ಟಿವಿ ರಾತ್ರಿಯಾಯಿತು. ಈ ಹಣದಿಂದ ಸೊಳ್ಳೆಪರದೆ ಸಿಕ್ಕವರಿದ್ದಾರೆ, ಲಸಿಕೆ ಸಿಕ್ಕವರಿದ್ದಾರೆ, ತಲೆಯ ಮೇಲೆ ಸೂರು ಸಿಕ್ಕವರಿದ್ದಾರೆ. ಇದನ್ನು ಅಲ್ಲಗಳೆಯುವವರ ವಾದಕ್ಕೆ ಬೆಲೆಯಿಲ್ಲ.

ಆದರೆ ಒಳ್ಳೆಯದು ಮಾಡುವ ಸಂಸ್ಥೆಯನ್ನು ಪ್ರಶ್ನಿಸಕೂಡದು ಎಂಬ ನಿಯಮ ಎಲ್ಲಿಂದ ಬಂತು? ಕನ್ನಡದಲ್ಲಿ ‘ಅಪಾತ್ರದಾನ’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಕೊಡುವವನು ದೇಶ, ಕಾಲ, ಪಾತ್ರ ನೋಡಿ ಕೊಡಬೇಕೆಂದು ಹಿಂದಿನವರು ಹೇಳಿದ್ದು ಜಿಪುಣತನದಿಂದಲ್ಲ. ಕೊಟ್ಟದ್ದು ಎಲ್ಲಿಗೆ ಮುಟ್ಟಿತು ಎಂದು ಕೇಳದೆ ಕೊಟ್ಟರೆ ಅದು ದಾನವಾಗುವುದಿಲ್ಲ, ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಆಗುತ್ತದೆ.

ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾಮಿಕ್ ರಿಲೀಫ್‌ನದೇ ಉದಾಹರಣೆ ಇದೆ. 2013ರ ಡಿಸೆಂಬರ್ 10ರಂದು ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಒಂದು ಸಂಗತಿಯನ್ನು ಹೊರಗೆಡವಿತು. ದಾನವಾಗಿ ಬಂದ ಹಣವನ್ನು ಯೋಜನೆಗಳಿಗೆ ಹಂಚುವ ಮೊದಲು ಸಂಸ್ಥೆ ಅದನ್ನು ಹೂಡಿಕೆ ನಿಧಿಗಳಲ್ಲಿ ಇಡುತ್ತಿತ್ತು. ಆ ನಿಧಿಗಳ ಮೂಲಕ 2007ರಿಂದ 2009ರ ಅವಧಿಯಲ್ಲಿ ಲಕ್ಷಾಂತರ ಪೌಂಡ್ ಹಣ ಆಯುಧ, ತಂಬಾಕು ಮತ್ತು ಮದ್ಯದ ಕಂಪನಿಗಳ ಷೇರುಗಳಲ್ಲಿ ಕುಳಿತಿತ್ತು. ಆಯುಧ ತಯಾರಿಸುವ ಬಿಎಇ ಸಿಸ್ಟಮ್ಸ್‌ನಲ್ಲಿ 6,30,000 ಪೌಂಡ್. ತಂಬಾಕಿನಲ್ಲಿ ಸುಮಾರು ಮೂವತ್ತು ಲಕ್ಷ ಪೌಂಡ್. ಯುದ್ಧದಿಂದ ನೊಂದವರಿಗೆ, ಕ್ಷಯದಿಂದ ನರಳುವವರಿಗೆ, ಕುಡಿತಕ್ಕೆ ಬಲಿಯಾದ ಸಂಸಾರಗಳಿಗೆ ನೆರವಾಗುತ್ತೇವೆಂದು ಹೇಳುತ್ತಿದ್ದ ಸಂಸ್ಥೆಯ ಹಣ ಇದು. ನಿಯಮಗಳ ಪ್ರಕಾರವೇ ಹೂಡಿದ್ದೆವು, ಉತ್ತಮ ಪ್ರತಿಫಲ ತರುವುದು ನಮ್ಮ ಹೊಣೆಯಾಗಿತ್ತು ಎಂಬುದು ಅದರ ಸಮರ್ಥನೆ. ಮಕ್ಕಳು ಕೇಕು ಮಾರಿ ಕೂಡಿಸಿದ ನಾಣ್ಯ ಫಿರಂಗಿ ಕಂಪನಿಯ ಬಾಗಿಲವರೆಗೆ ಹೋಗಿ ಬಂದಿತ್ತು ಎಂಬುದು ಆ ಶಾಲೆಗಳಿಗೆ ಗೊತ್ತಾದದ್ದು ಟಿವಿ ನೋಡಿದ ಮೇಲೆಯೇ.

ಆಮೇಲೆ ನಡೆದದ್ದನ್ನು ಗಮನಿಸಬೇಕು. ಟೀಕೆಯ ಬಿಸಿ ತಾಗಿದ ಸಂಸ್ಥೆ ತನ್ನ ಹೂಡಿಕೆಯನ್ನು ಪರಿಶೀಲಿಸಿತು. 2014ರಲ್ಲಿ ಆಯುಧ, ತಂಬಾಕು, ಮದ್ಯಗಳಿಂದ ದೂರವಿರಲು ನಿರ್ಧರಿಸಿತು. ಕೇಳಿದವರಿದ್ದರು, ಬದಲಾಯಿತು.

ಇದು ಒಂದೇ ಸಲ ನಡೆದದ್ದಲ್ಲ. ಗಾಯಕ ಎಡ್ ಶೀರನ್ ಲೈಬೀರಿಯಾದ ಬೀದಿ ಮಕ್ಕಳ ನಡುವೆ ನಿಂತ ಕಾಮಿಕ್ ರಿಲೀಫ್ ಚಿತ್ರಕ್ಕೆ 2017ರಲ್ಲಿ ನಾರ್ವೆಯ ವಿದ್ಯಾರ್ಥಿ ಸಂಘಟನೆಯೊಂದು ‘ರಸ್ಟಿ ರೇಡಿಯೇಟರ್’ ಎಂಬ ಅಣಕು ಪ್ರಶಸ್ತಿ ಕೊಟ್ಟಿತು. ಬಡವರನ್ನು ಅಸಹಾಯಕ ಗೊಂಬೆಗಳಂತೆ ತೋರಿಸುವ ಜಾಹೀರಾತುಗಳಿಗೆಂದೇ ಇರುವ ಪ್ರಶಸ್ತಿ ಅದು. 2019ರಲ್ಲಿ ಟಿವಿ ನಿರೂಪಕಿ ಸ್ಟೇಸಿ ಡೂಲಿ ಉಗಾಂಡದ ಮಗುವೊಂದನ್ನು ಎತ್ತಿಕೊಂಡ ಫೋಟೊ ಹಾಕಿದಾಗ, ಸಂಸದ ಡೇವಿಡ್ ಲ್ಯಾಮಿ ‘ಬಿಳಿಯ ಉದ್ಧಾರಕರು’ ಇನ್ನು ಸಾಕು ಎಂಬರ್ಥದಲ್ಲಿ ನೇರವಾಗಿ ಹೇಳಿದರು. ಅವರ ಮೇಲೂ ಜನ ಹರಿಹಾಯ್ದರು: ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕುತ್ತಾರೆ, ಹಸಿದ ಮಗುವಿಗಿಂತ ಇವರಿಗೆ ಸಿದ್ಧಾಂತ ದೊಡ್ಡದು. 2007ರಲ್ಲಿ ಬಿಷಪ್‌ಗೆ ಎಸೆದದ್ದೂ ಇದೇ ಕಲ್ಲು, ಹೆಚ್ಚುಕಡಿಮೆ ಇದೇ ಮಾತು. ಆದರೆ 2020ರ ಅಕ್ಟೋಬರ್‌ನಲ್ಲಿ, ದೇಣಿಗೆಯ ಚಿತ್ರಗಳಿಗಾಗಿ ಖ್ಯಾತನಾಮರನ್ನು ಆಫ್ರಿಕಕ್ಕೆ ಕಳಿಸುವುದನ್ನು ನಿಲ್ಲಿಸುತ್ತೇವೆಂದು ಕಾಮಿಕ್ ರಿಲೀಫ್ ಸ್ವತಃ ಪ್ರಕಟಿಸಿತು. ಪ್ಲಾಸ್ಟಿಕ್ ಮೂಗುಗಳು ಕಸದ ರಾಶಿ ಸೇರುತ್ತಿವೆ ಎಂಬ ದೂರಿನ ಬೆನ್ನಿಗೆ 2021ರಲ್ಲಿ ಕಬ್ಬಿನ ಸಿಪ್ಪೆಯ ಮೂಗು ಬಂತು.

ಹೂಡಿಕೆ, ಚಿತ್ರಣ, ಕೊನೆಗೆ ಮೂಗಿನ ಪ್ಲಾಸ್ಟಿಕ್ಕು ಕೂಡ: ಈ ಸಂಸ್ಥೆ ತಿದ್ದಿಕೊಂಡದ್ದೆಲ್ಲ ಯಾರೋ ‘ತಾಳಿ, ಇದೇನು?’ ಎಂದು ಕೇಳಿದ್ದರಿಂದ. ಹಾಗೆ ಕೇಳಿದವರನ್ನೆಲ್ಲ ಇಂದು ಜನ ಮೆಚ್ಚುತ್ತಾರೆ. ಕಥೋಲಿಕ ಶಾಲೆ ಕೇಳಿದರೆ ಮಾತ್ರ ಅದು ಮತಾಂಧತೆ!

ಪ್ರಶ್ನೆಯ ವಿಷಯ ಬೇರೆ ಎಂಬ ಉತ್ತರ ಇಲ್ಲಿ ಬರುತ್ತದೆ. ಆಯುಧ ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ, ಗರ್ಭಪಾತದ ಬಗ್ಗೆ ಚರ್ಚಿನ ನಿಲುವನ್ನು ಬ್ರಿಟನ್ನಿನ ಬಹುಮಂದಿ ಒಪ್ಪುವುದಿಲ್ಲ. ಮೇಲಾಗಿ ಗರ್ಭಪಾತದ ಸೇವೆಗೆಂದು ತಾನು ಹಣ ಕೊಡುವುದಿಲ್ಲವೆಂದೇ ಕಾಮಿಕ್ ರಿಲೀಫ್ ಹೇಳುತ್ತದಲ್ಲ? ಸರಿ. ಚರ್ಚಿನ ನಿಲುವನ್ನು ಒಪ್ಪದವರಿಗೆ ಒಪ್ಪದಿರುವ ಹಕ್ಕಿದೆ, ಸಂಸ್ಥೆಗೆ ತನ್ನ ಲೆಕ್ಕ ವಿವರಿಸುವ ಹಕ್ಕಿದೆ. ಆದರೆ ಆತ್ಮಸಾಕ್ಷಿ ಬಹುಮತದ ಅಪ್ಪಣೆ ಪಡೆದು ಮಾತಾಡುವ ವಸ್ತುವೇ? ಸಸ್ಯಾಹಾರಿ ಕುಟುಂಬವೊಂದು ಮಾಂಸದೂಟದ ಸಹಾಯಾರ್ಥ ಕೂಟಕ್ಕೆ ಟಿಕೆಟ್ ಕೊಳ್ಳದಿದ್ದರೆ ಯಾರೂ ಅವರನ್ನು ಬಡವರ ವೈರಿಗಳೆನ್ನುವುದಿಲ್ಲ.

ಆಮ್ನೆಸ್ಟಿಯ ಕತೆಯಲ್ಲಿ ಈ ವಿಪರ್ಯಾಸ ಇನ್ನೂ ಎದ್ದು ಕಾಣುತ್ತದೆ. 1961ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದ ವಕೀಲ ಪೀಟರ್ ಬೆನೆನ್ಸನ್ ಕಥೋಲಿಕ ಧರ್ಮಕ್ಕೆ ಬಂದವರು. ‘ಆತ್ಮಸಾಕ್ಷಿಯ ಕೈದಿಗಳು’ ಎಂಬ ನುಡಿಯನ್ನು ಲೋಕಕ್ಕೆ ಪರಿಚಯಿಸಿದ್ದೇ ಆ ಸಂಸ್ಥೆ. ಕಥೋಲಿಕ ಶಾಲೆಗಳಲ್ಲಿ ಅದರ ವಿದ್ಯಾರ್ಥಿ ಗುಂಪುಗಳಿದ್ದವು. ದೂರದ ದೇಶಗಳ ಸೆರೆಯಾಳುಗಳ ಪರವಾಗಿ ಮಕ್ಕಳು ಪತ್ರ ಬರೆಯುತ್ತಿದ್ದರು. 2007ರ ಆಗಸ್ಟ್‌ನಲ್ಲಿ, ಅತ್ಯಾಚಾರದಂಥ ಸಂದರ್ಭಗಳಲ್ಲಿ ಗರ್ಭಪಾತದ ಅವಕಾಶ ಇರಬೇಕೆಂಬ ನೀತಿಯನ್ನು ಆಮ್ನೆಸ್ಟಿ ಮೆಕ್ಸಿಕೊದ ಸಮ್ಮೇಳನದಲ್ಲಿ ಗಟ್ಟಿ ಮಾಡಿತು. ಈಸ್ಟ್ ಆಂಗ್ಲಿಯಾದ ಬಿಷಪ್ ಮೈಕಲ್ ಎವನ್ಸ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸದಸ್ಯರಾಗಿದ್ದು ಆಗ ರಾಜೀನಾಮೆ ಕೊಟ್ಟರು. ಅವರ ತೀರ್ಮಾನ ತಪ್ಪೆಂದು ವಾದಿಸಲು ಧಾರಾಳ ಅವಕಾಶವಿದೆ. ಅತ್ಯಾಚಾರಕ್ಕೆ ಸಿಕ್ಕ ಹೆಣ್ಣುಮಗಳ ಸಂಕಟವನ್ನು ಹಗುರವಾಗಿ ಕಾಣುವವರು ಯಾರೂ ಇರಬಾರದು. ಆದರೆ ಆತ್ಮಸಾಕ್ಷಿಗಾಗಿ ಹೋರಾಡುವ ಸಂಸ್ಥೆಯನ್ನು ಆತ್ಮಸಾಕ್ಷಿಗಾಗಿಯೇ ಬಿಟ್ಟು ಬಂದವರ ನಡೆಗೆ ಸಂಕುಚಿತತನ ಎಂದು ಹೆಸರಿಡುವುದು ಹೇಗೆ?

ತೆರಿಗೆಯ ವಾದವೂ ಒಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಥೋಲಿಕ ಶಾಲೆಗಳಿವೆ, ಎಂಟು ಲಕ್ಷಕ್ಕೂ ಮಿಕ್ಕಿ ಮಕ್ಕಳು ಓದುತ್ತಾರೆ. ಇವುಗಳಲ್ಲಿ ಹೆಚ್ಚಿನವು ಸರ್ಕಾರದ ಹಣದಿಂದಲೇ ನಡೆಯುತ್ತವೆ. ಅನುದಾನಿತ ಶಾಲೆಗಳಲ್ಲಿ ಕಟ್ಟಡದ ಖರ್ಚಿನ ಒಂದು ಸಣ್ಣ ಪಾಲನ್ನಷ್ಟೇ ಚರ್ಚು ಭರಿಸುತ್ತದೆ. ಕಥೋಲಿಕರಲ್ಲದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಾರ್ವಜನಿಕರ ದುಡ್ಡು ತಿಂದು ಸಾರ್ವಜನಿಕ ಹಬ್ಬಕ್ಕೆ ಬೆನ್ನು ತೋರಿಸುವುದು ಸರಿಯೇ ಎಂದು ಕೇಳುತ್ತಾರೆ. ಆದರೆ ತೆರಿಗೆ ಕೊಡುವವನು ಕೊಡುವುದು ಗಣಿತ, ವಿಜ್ಞಾನ, ಭಾಷೆ ಕಲಿಸಲಿಕ್ಕೆ. ಯಾವ ಖಾಸಗಿ ದತ್ತಿಗೆ ಯಾರ ಮಗು ತನ್ನ ಕಿಸೆಯ ನಾಣ್ಯ ಹಾಕಬೇಕೆಂಬ ನಿರ್ಧಾರವನ್ನು ಅವನು ಕೊಂಡುಕೊಂಡಿಲ್ಲ. ರೆಡ್ ನೋಸ್ ಡೇ ಸರ್ಕಾರದ ಕಾಯಿದೆಯಲ್ಲ, ಪಠ್ಯಕ್ರಮದ ಪಾಠವೂ ಅಲ್ಲ. ಟಿವಿಯ ಬಲದಿಂದ ಅದು ರಾಷ್ಟ್ರೀಯ ಆಚರಣೆಯಂತೆ ಕಾಣತೊಡಗಿದೆ, ಅಷ್ಟೇ.

ಸೇರುವುದು ಬಿಡುವುದು ಮಕ್ಕಳ ‘ಸ್ವಇಚ್ಛೆ’ ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ಚೈಲ್ಡ್ ಪಾವರ್ಟಿ ಆ್ಯಕ್ಷನ್ ಗ್ರೂಪ್ ಎಂಬ ಸಂಸ್ಥೆ ಗ್ಲಾಸ್ಗೊ ಶಾಲೆಗಳ ಮಕ್ಕಳನ್ನು ಮಾತಾಡಿಸಿ, ಶಾಲೆಯ ಒಂದೊಂದು ದಿನ ಬಡ ಕುಟುಂಬಕ್ಕೆ ಎಷ್ಟು ತುಟ್ಟಿ ಎಂದು ತಿಳಿಯಲು ಹೊರಟಿತ್ತು. 2015ರ ಅದರ ವರದಿಯಲ್ಲಿ ಸಮವಸ್ತ್ರವಿಲ್ಲದ ದಿನಗಳ ಪ್ರಸ್ತಾಪ ಬರುತ್ತದೆ. ಕೊಡಲು ಪೌಂಡ್ ಇಲ್ಲದ, ತೊಡಲು ಒಳ್ಳೆಯ ಬಟ್ಟೆ ಇಲ್ಲದ ಮಕ್ಕಳು ಅಂಥ ದಿನಗಳಿಗೆ ಹೆದರುತ್ತಾರೆ. ಕೆಲವರು ಶಾಲೆಗೇ ಬರುವುದಿಲ್ಲ. ಬಡತನ ನೀಗಿಸಲೆಂದು ಹಬ್ಬ ಮಾಡಿದ ದಿನವೇ ತರಗತಿಯ ಬಡ ಮಗು ಮನೆಯಲ್ಲಿ ಕೂರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಕನ್ನಡಿಗರಿಗೂ ಗೊತ್ತು, ಶುಭಸಂದೇಶ ಓದುವವರಿಗಂತೂ ಚೆನ್ನಾಗಿ ಗೊತ್ತು. ಇಲ್ಲಿ ಬಲಗೈ ಕೊಟ್ಟದ್ದು ಮುಖದ ನಟ್ಟನಡುವೆ ಕೆಂಪಾಗಿ ಕೂತಿರುತ್ತದೆ, ಕೊಡಲಾಗದವನ ಬರಿಮೂಗೂ ಅಷ್ಟೇ ಎದ್ದು ಕಾಣುತ್ತದೆ. ಎಲ್ಲರೂ ಸೇರಲೇಬೇಕೆನ್ನುವವರು ಈ ಮಗುವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಹಾಗಾದರೆ ‘ಬೇಡ’ ಎಂದು ಬಾಗಿಲು ಹಾಕಿಕೊಂಡರೆ ಮುಗಿಯಿತೇ? ಇಲ್ಲ. ಅಮೆರಿಕದ ಸಿನ್ಸಿನಾಟಿ ಇದಕ್ಕೊಂದು ದಾರಿ ತೋರಿಸಿತ್ತು. 2014ರ ಆಗಸ್ಟ್‌ನಲ್ಲಿ ಊರೆಲ್ಲ ತಲೆಗೆ ಐಸ್ ನೀರು ಸುರಿದುಕೊಳ್ಳುತ್ತಿತ್ತು. ನರಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸುವ ಆ ‘ಐಸ್ ಬಕೆಟ್’ ಆಟದಿಂದ ಎಎಲ್‌ಎಸ್ ಅಸೋಸಿಯೇಷನ್‌ಗೆ ಹನ್ನೊಂದೂವರೆ ಕೋಟಿ ಡಾಲರ್ ಬಂತು. ಆ ಸಂಸ್ಥೆ ಮಾನವ ಭ್ರೂಣದ ಕಾಂಡಕೋಶ ಬಳಸುವ ಅಧ್ಯಯನವೊಂದಕ್ಕೆ ನೆರವಾಗುತ್ತಿತ್ತು. ಸಿನ್ಸಿನಾಟಿಯ ಮಹಾಧರ್ಮಪ್ರಾಂತ ತನ್ನ ಶಾಲೆಗಳಿಗೆ ನೀರು ಸುರಿದುಕೊಳ್ಳಬೇಡಿ ಎನ್ನಲಿಲ್ಲ. ಸುರಿದುಕೊಳ್ಳಿ, ಆದರೆ ಹಣವನ್ನು ಅಯೋವಾದ ಜಾನ್ ಪಾಲ್ II ವೈದ್ಯಕೀಯ ಸಂಶೋಧನಾ ಸಂಸ್ಥೆಯಂಥ ಕಡೆ ಕಳಿಸಿ ಎಂದಿತು. ಮಕ್ಕಳ ಆಟ ನಿಲ್ಲಲಿಲ್ಲ, ರೋಗಿಗಳಿಗೆ ಹೋಗಬೇಕಾದ ನೆರವೂ ನಿಲ್ಲಲಿಲ್ಲ. ಐಸ್ ಬಕೆಟ್ ಹಣದಿಂದ ನಡೆದ ಸಂಶೋಧನೆ ಆ ರೋಗಕ್ಕೆ ಸಂಬಂಧಿಸಿದ ಜೀನ್ ಒಂದನ್ನು 2016ರಲ್ಲಿ ಗುರುತಿಸಲು ನೆರವಾಯಿತೆಂಬುದು ನಿಜ. ಒಳ್ಳೆಯ ಫಲ ಬಂದರೂ ಬೇರೆ ದಾರಿಯಲ್ಲಿ ಕೊಡುವವನ ಹಕ್ಕು ಅದರಿಂದ ಕಡಿಮೆಯಾಗುವುದಿಲ್ಲ.

ಕಥೋಲಿಕ ನೀತಿಶಾಸ್ತ್ರ ಚೆನ್ನಾಗಿ ಬಲ್ಲವರು ಎತ್ತುವ ಆಕ್ಷೇಪವೊಂದಿದೆ, ಎಲ್ಲಕ್ಕಿಂತ ಗಟ್ಟಿಯಾದದ್ದು ಅದೇ. ಪರರ ತಪ್ಪಿಗೆ ನೇರವಾಗಿ ಕೈಜೋಡಿಸುವುದು ಬೇರೆ, ದೂರದಿಂದ ಅರಿಯದೆ ಸಂಬಂಧ ತಗಲುವುದು ಬೇರೆ ಎಂದು ಚರ್ಚೇ ಶತಮಾನಗಳಿಂದ ಹೇಳುತ್ತ ಬಂದಿದೆ. 2020ರ ಡಿಸೆಂಬರ್ 21ರಂದು ವ್ಯಾಟಿಕನ್ ಕೋವಿಡ್ ಲಸಿಕೆಗಳ ಬಗ್ಗೆ ಕೊಟ್ಟ ಟಿಪ್ಪಣಿ ಇದೇ ತರ್ಕದ ಮೇಲೆ ನಿಂತಿತ್ತು. ದಶಕಗಳ ಹಿಂದಿನ ಗರ್ಭಪಾತದಿಂದ ಬಂದ ಜೀವಕೋಶಗಳ ನಂಟಿದ್ದರೂ, ಬೇರೆ ಲಸಿಕೆ ಸಿಗದಿದ್ದಲ್ಲಿ ಅವನ್ನು ಹಾಕಿಸಿಕೊಳ್ಳಬಹುದು ಎಂದಿತು. ಹಾಗಿದ್ದ ಮೇಲೆ ಮಗುವಿನ ಒಂದು ಪೌಂಡ್ ಯಾವ ಲೆಕ್ಕ? ಉತ್ತರ ಆ ಟಿಪ್ಪಣಿಯಲ್ಲೇ ಇದೆ: ‘ಬೇರೆ ಸಿಗದಿದ್ದಲ್ಲಿ’. ಮಹಾಮಾರಿಯ ನಡುವೆ ಲಸಿಕೆಗೆ ಬದಲಿ ಇರಲಿಲ್ಲ. ಹಸಿದವರಿಗೆ ಅನ್ನ ಮುಟ್ಟಿಸುವ ದಾರಿಗಳು ನೂರಾರಿವೆ. ಮೂಗು ತೊಡುವುದು ಪಾಪವಲ್ಲ ಎಂಬಷ್ಟನ್ನು ಈ ವಾದ ಸಾಧಿಸುತ್ತದೆ. ತೊಡದವನು ಕೆಟ್ಟವನು ಎಂಬುದನ್ನು ಸಾಧಿಸುವುದಿಲ್ಲ.

ಇನ್ನು ‘ಇವರಿಗೆ ಬುದ್ಧಿ ಹೇಳುವ ಯೋಗ್ಯತೆ ಎಲ್ಲಿದೆ?’ ಎಂಬ ಪ್ರಶ್ನೆ. ಅದಕ್ಕೆ ಕಾರಣವಿದೆ. 1970ರಿಂದ 2015ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಥೋಲಿಕ ಚರ್ಚಿಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ 900ಕ್ಕೂ ಹೆಚ್ಚು ದೂರು ಬಂದಿದ್ದವೆಂದು ಸ್ವತಂತ್ರ ವಿಚಾರಣಾ ಆಯೋಗ 2020ರಲ್ಲಿ ಹೇಳಿತು. ಹಣದ ವಿಷಯದಲ್ಲೂ ಚರ್ಚು ಮೈ ಮುಟ್ಟಿ ನೋಡಿಕೊಳ್ಳಬೇಕು. ಸಂತ ಪೇತ್ರ ಮತ್ತು ಪೌಲರ ಹಬ್ಬದ ಸುಮಾರಿಗೆ ಜಗತ್ತಿನಾದ್ಯಂತ ಕಥೋಲಿಕರು ಪೋಪ್ ಅವರ ಸೇವಾಕಾರ್ಯಕ್ಕೆಂದು ‘ಪೀಟರ್ಸ್ ಪೆನ್ಸ್’ ಕಾಣಿಕೆ ಹಾಕುತ್ತಾರೆ. ಆ ಕಾಣಿಕೆಯೂ ಸೇರುತ್ತಿದ್ದ ವ್ಯಾಟಿಕನ್ ಸಚಿವಾಲಯ ಲಂಡನ್ನಿನ ಸ್ಲೋನ್ ಅವೆನ್ಯೂದ ಐಷಾರಾಮಿ ಕಟ್ಟಡವೊಂದರಲ್ಲಿ ಕೋಟ್ಯಂತರ ಯೂರೊ ಸುರಿದು ಭಾರಿ ನಷ್ಟ ಮಾಡಿಕೊಂಡಿತು. ಆ ಹಗರಣದ ವಿಚಾರಣೆಯಲ್ಲಿ 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್ ನ್ಯಾಯಾಲಯ ಕಾರ್ಡಿನಲ್ ಆಂಜೆಲೊ ಬೆಚ್ಚು ಅವರಿಗೆ ಶಿಕ್ಷೆ ವಿಧಿಸಿತು. ತಾವು ನಿರಪರಾಧಿ ಎಂದು ಅವರು ಮೇಲ್ಮನವಿ ಸಲ್ಲಿಸಿದರು.

ಆದರೆ ಇದರಿಂದ ಏನು ಸಿದ್ಧವಾಯಿತು? ಹಣ ಎಲ್ಲಿಗೆ ಹೋಯಿತೆಂದು ಕೇಳುವವರು ಚರ್ಚಿನ ಒಳಗೂ ಇನ್ನಷ್ಟು ಮಂದಿ ಬೇಕಿತ್ತು ಎಂಬುದು. ಕಾಮಿಕ್ ರಿಲೀಫ್‌ಗೆ ಪ್ರಶ್ನೆ ಹಾಕುವ ಕಥೋಲಿಕ ಶಾಲೆ ಅದೇ ಪ್ರಶ್ನೆಯನ್ನು ಪೀಟರ್ಸ್ ಪೆನ್ಸ್ ಡಬ್ಬಿಗೂ ಹಾಕಬೇಕು. ಬಿಷಪ್ ಓಡೊನಹ್ಯೂ ಎಡವಿದ್ದು ಇಲ್ಲಿ. ನಿರಾಶ್ರಿತರ ಪರ ದನಿಯೆತ್ತಿ ಹೆಸರಾಗಿದ್ದ ಆ ಮನುಷ್ಯ ಬಡವರ ದ್ವೇಷಿಯಂತೂ ಆಗಿರಲಿಲ್ಲ. ಆದರೆ ಅವರ ದಾಖಲೆ ಶಾಲೆಗಳಿಗೆ ಕೊಟ್ಟದ್ದು ಆದೇಶ; ಕೊಡಬೇಕಾಗಿದ್ದದ್ದು ಪ್ರಶ್ನೆ. ಗರ್ಭಪಾತದ ಬಗ್ಗೆ ಕೇಳಿದಷ್ಟೇ ಜೋರಾಗಿ ಫಿರಂಗಿಯ ಬಗ್ಗೆಯೂ ಕೇಳಿದ್ದರೆ, 2013ರಲ್ಲಿ ಟಿವಿ ಹೇಳಿದ್ದನ್ನು ಯಾವುದಾದರೂ ಶಾಲೆಯ ಮಕ್ಕಳೇ ಮೊದಲು ಹೇಳುತ್ತಿದ್ದರೋ ಏನೋ.

ಬದಲಿ ದಾರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1960ರಲ್ಲಿ ಇಂಗ್ಲೆಂಡಿನ ಕಥೋಲಿಕ ಮಹಿಳಾ ಸಂಘಟನೆಗಳು ‘ಕುಟುಂಬ ಉಪವಾಸ ದಿನ’ವೊಂದನ್ನು ಆಚರಿಸಿದವು. ಮನೆಯವರೆಲ್ಲ ಒಪ್ಪತ್ತು ಸಾದಾ ಊಟ ಮಾಡಿ, ಉಳಿದ ಕಾಸನ್ನು ಕೆರಿಬಿಯನ್ನಿನ ಡೊಮಿನಿಕದ ತಾಯಿ-ಮಗುವಿನ ಕ್ಲಿನಿಕ್ಕಿಗೆ ಕಳಿಸಿದರು. ಅದರ ಬೆನ್ನಿಗೇ 1962ರಲ್ಲಿ ಕ್ಯಾಫಡ್ ಎಂಬ ನೆರವು ಸಂಸ್ಥೆ ಹುಟ್ಟಿತು. ತಪಸ್ಸುಕಾಲದಲ್ಲಿ ಇಂದಿಗೂ ಆ ಉಪವಾಸ ದಿನ ನಡೆಯುತ್ತದೆ. ಅದಕ್ಕೆ ಹೊಸ ಬಟ್ಟೆ ಬೇಡ, ಮೂಗು ಬೇಡ. ಯಾವ ಮಗು ಎಷ್ಟು ಉಳಿಸಿತೆಂದು ಪಕ್ಕದ ಬೆಂಚಿಗೆ ಗೊತ್ತಾಗುವುದಿಲ್ಲ. ಕ್ಯಾಫಡ್‌ನ ಲೆಕ್ಕವನ್ನೂ ಮಕ್ಕಳು ಕೇಳಲಿ.

ರೆಡ್ ನೋಸ್ ಡೇಗೆ ಸೇರುವ ಶಾಲೆಯೂ ಸೇರದ ಶಾಲೆಯೂ ಇಷ್ಟು ಮಾಡಬಹುದು. ಮಾರ್ಚ್‌ಗೆ ಎರಡು ತಿಂಗಳಿರುವಾಗಲೇ ಐದನೆಯ ತರಗತಿಯ ಮಕ್ಕಳು ಕೂತು ಒಂದು ಕಾಗದ ಬರೆಯಲಿ: ಹಣವನ್ನು ಎಲ್ಲಿ ಇಡುತ್ತೀರಿ, ಯಾರಿಗೆ ಕೊಡುತ್ತೀರಿ, ಆ ಜನರ ಚಿತ್ರವನ್ನು ಅವರನ್ನು ಕೇಳಿ ತೆಗೆಯುತ್ತೀರಾ? ಬಂದ ಉತ್ತರವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಡಬ್ಬಿಯ ಹಣ ಯಾರಿಗೆ ಹೋಗಬೇಕೆಂದು ಆಮೇಲೆ ಕೈಯೆತ್ತಲಿ. ಡಬ್ಬಿಗೆ ನಾಣ್ಯ ಹಾಕಲಾಗದ ಮಗುವಿನ ಕೈಯೂ ಅಲ್ಲಿ ಒಂದು ಎಂದೇ ಎಣಿಕೆಯಾಗಲಿ.